ಮಣಿಹೊಳೆಯ ಮೂವತ್ತೆರಡು ಗೆರೆಗಳು

ಬಹಳ ಹಿಂದೆ, ಬೆಟ್ಟಗಳಿಗೆ ಹೆಸರಿಡುವ ಕೆಲಸ ಇನ್ನೂ ಮುಗಿಯದಿದ್ದ ಕಾಲದಲ್ಲಿ, ಮಣಿನಾಡು ಎಂಬ ಒಂದು ರಾಜ್ಯವಿತ್ತು. ರಾಜ್ಯದ ನಡುವೆ ಮಣಿಹೊಳೆ ಹರಿಯುತ್ತಿತ್ತು. ಹೊಳೆಯ ದಂಡೆಯಲ್ಲಿ ಮಣಿಕಟ್ಟೆ ಎಂಬ ರಾಜಧಾನಿ. ಊರು ಮುಗಿದು ನೀರು ಶುರುವಾಗುವ ಜಾಗದಲ್ಲಿ, ಆನೆ ಮಲಗಿದಂತೆ ಒಂದು ದೊಡ್ಡ ಬಂಡೆ.

ಆ ಬಂಡೆಯ ಮೈಮೇಲೆ ಮೂವತ್ತೆರಡು ಗೆರೆಗಳಿದ್ದವು. ಒಂದೊಂದು ಗೆರೆ ಒಂದೊಂದು ನೆರೆಯದು. ಎಲ್ಲಕ್ಕಿಂತ ಕೆಳಗಿನದು ಮೊಣಕಾಲೆತ್ತರ. ಎಲ್ಲಕ್ಕಿಂತ ಮೇಲಿನದು ಆರಾಳೆತ್ತರ. ಅದನ್ನು ನೋಡಲು ತಲೆ ಎತ್ತಿದರೆ ರುಮಾಲು ಬೀಳುತ್ತಿತ್ತು.

"ನೀರು ಅಲ್ಲಿವರೆಗೂ ಬಂದಿತ್ತಾ?" ಎಂದು ಹೊಸಬರು ಕೇಳುತ್ತಿದ್ದರು.

"ಬಂದಿತ್ತು" ಎಂದು ಊರವರು ಹೇಳುತ್ತಿದ್ದರು.

ಆಮೇಲೆ ಇಬ್ಬರೂ ಇನ್ನೊಮ್ಮೆ ತಲೆ ಎತ್ತುತ್ತಿದ್ದರು.

ಮಣಿಹೊಳೆಗೆ ಓದಲು ಬರುತ್ತಿತ್ತು. ನೆರೆ ಬಂದಾಗ ಅವಳು ಬಂಡೆಯ ಗೆರೆಗಳನ್ನು ಕೆಳಗಿನಿಂದ ಒಂದೊಂದಾಗಿ ಓದುತ್ತ ಏರುತ್ತಿದ್ದಳು. ಓದುತ್ತ ಓದುತ್ತ ತಾನು ಯಾರು, ತನ್ನ ದಂಡೆ ಎಲ್ಲಿ, ಹಿಂದೆ ಎಷ್ಟು ದೂರ ಹೋಗಿದ್ದೆ, ಏನೇನು ಒಯ್ದಿದ್ದೆ ಎಂಬುದೆಲ್ಲ ಅವಳಿಗೆ ನೆನಪಾಗುತ್ತಿತ್ತು. ನೆನಪಾದ ಮೇಲೆ ನಿಲ್ಲುತ್ತಿದ್ದಳು. ನಿಂತು, ತಿರುಗಿ ಹೋಗುತ್ತಿದ್ದಳು.

ಗೆರೆ ಕೊರೆಯುವ ಕೆಲಸ ಒಂದೇ ಮನೆತನದ್ದು. ಅವರಿಗೆ ಗೆರೆಕಾರರು ಎಂದು ಹೆಸರು. ಆ ಕಾಲದ ಗೆರೆಕಾರ ಮಾಳೋಜ. ಅವನಿಗೆ ಒಬ್ಬಳೇ ಮಗಳು, ದೇಕವ್ವೆ. ಹದಿನೆಂಟು ವರ್ಷದವಳು. ಅವಳ ತಾಯಿ ಹನ್ನೆರಡು ವರ್ಷದ ಹಿಂದೆ ನೆರೆಯಲ್ಲಿ ಹೋಗಿದ್ದಳು.

ಗೆರೆಕಾರರ ಕಟ್ಟಳೆ ಹೀಗಿತ್ತು. ನೆರೆ ಏರಿ ನಿಂತಂತೆ ಕಂಡಾಗ ಗೆರೆಕಾರ ಬಂಡೆಯ ಮೇಲೆ ಒಂದು ಕೊಡ ನೀರಿಟ್ಟು, ಅದರಲ್ಲಿ ಗಳಿಗೆ ಬಟ್ಟಲು ತೇಲಿಬಿಡಬೇಕು. ಬಟ್ಟಲಿನ ತಳದಲ್ಲಿ ಸೂಜಿಯಷ್ಟು ತೂತು. ನೀರು ತುಂಬಿ ಅದು ಮುಳುಗಲು ಸರಿಯಾಗಿ ಒಂದು ಗಳಿಗೆ ಬೇಕು. ಆ ಗಳಿಗೆ ಪೂರ್ತಿ ಹೊಳೆಯ ಅಂಚು ಬಂಡೆಯ ಮೇಲೆ ಒಂದು ಕೂದಲೂ ಕದಲದಿದ್ದರೆ, ಅದೇ ನೆರೆಯ ತಲೆ. ಆಗ ಉಳಿಯ ತುದಿಯನ್ನು ನೀರಿಗೆ ತಾಗಿಸಿ ಗೆರೆ ಕೊರೆಯಬೇಕು. ಗಳಿಗೆ ಮುಗಿಯುವವರೆಗೆ ಏಳಬಾರದು. ಸುಳ್ಳು ಗೆರೆ ಕೊರೆದವನ ಬಲಗೈ ಹೆಬ್ಬೆರಳನ್ನು ತೆಗೆಯಬೇಕು. ಹೆಬ್ಬೆರಳಿಲ್ಲದವನು ಉಳಿ ಹಿಡಿಯಲಾರ.

ಒಂದು ವರ್ಷ, ಆಶ್ಲೇಷ ಮಳೆ ಹುಟ್ಟಲು ಒಂಬತ್ತು ದಿನ ಇರುವಾಗ, ನಡುಹಗಲಲ್ಲಿ, ಬಂಡೆಯ ಮೇಲಿನ ಮೂವತ್ತೆರಡು ಗೆರೆಗಳೂ ಮಾಯವಾದವು.

ಅದನ್ನು ಕಂಡವನು ಒಬ್ಬನೇ. ಅಂಬಿಗರ ಗೂಳಜ್ಜ. ಅವನನ್ನು ಅರಸ ಪದುಮರಾಜನ ಮುಂದೆ ನಿಲ್ಲಿಸಿದರು.

"ಒಬ್ಬ ಸಣಕಲ ಮನುಷ್ಯ ಬಂದ, ಬುದ್ಧಿ" ಎಂದ ಗೂಳಜ್ಜ. "ಮೈಯೆಲ್ಲ ಒಣಗಿದ ಕೆರೆ ಬಿರುಕು ಬಿಟ್ಟ ಹಾಗೆ. ಬಂಡೆ ಮೇಲೆ ಉಗುರು ಆಡಿಸಿದ. ಒಂದು ಗೆರೆ ಹಿಡಿದು ಎಳೆದ. ಪಂಚೆಯ ಎಳೆ ಬಿಚ್ಚಿದ ಹಾಗೆ ಒಂದರ ಹಿಂದೆ ಒಂದು ಬಂದವು. ಮೊಣಕೈಗೆ ಸುತ್ತಿಕೊಂಡು ಹೋದ."

"ನೀನು ಏನು ಮಾಡುತ್ತಿದ್ದೆ?"

"ಬಾಯಿ ತೆರೆದುಕೊಂಡಿದ್ದೆ, ಬುದ್ಧಿ."

ಅರಸ ಮಾಳೋಜನ ಕಡೆ ತಿರುಗಿದ. "ಕಲ್ಲಿನ ಗೆರೆ ಎಳೆದರೆ ಬರುತ್ತದೆಯೇ?"

"ನಿಜದ ಗೆರೆ ಬರುವುದಿಲ್ಲ" ಎಂದ ಮಾಳೋಜ. ಅಷ್ಟು ಹೇಳಿ ಮುಖ ಕೆಳಗೆ ಹಾಕಿದ.

"ಹಾಗಾದರೆ ಇವನು ಕುಡಿದಿದ್ದಾನೆ, ಇಲ್ಲವೇ ನೀನು ಏನೋ ಮುಚ್ಚಿಡುತ್ತಿದ್ದೀಯೆ. ಗೆರೆಗಳನ್ನು ಕಾಯುವುದು ನಿನ್ನ ಕೆಲಸ. ಅವು ಬರುವವರೆಗೆ ಕೆಳಕೋಟೆಯಲ್ಲಿರು."

ಕೆಳಕೋಟೆಯ ಸೆರೆಮನೆ ಹೊಳೆಗೆ ತೀರ ಹತ್ತಿರವಿತ್ತು. ನೆರೆ ಬಂದರೆ ಮೊದಲು ಮುಳುಗುವುದೇ ಅದು.

ದೇಕವ್ವೆ ಅಪ್ಪನ ಕಾಲಿಗೆ ಬೇಡಿ ಹಾಕುವುದನ್ನು ನೋಡಿದಳು. ಒಂಬತ್ತು ದಿನ ಎಂದು ಮನಸ್ಸಿನಲ್ಲಿ ಎಣಿಸಿದಳು. ರೊಟ್ಟಿ ಕಟ್ಟಿಕೊಂಡಳು, ಸೋರೆಬುರುಡೆಗೆ ನೀರು ತುಂಬಿಕೊಂಡಳು. ಗೂಳಜ್ಜನ ಬಳಿ ಹೋದಳು.

"ಅವನು ಯಾವ ಕಡೆ ಹೋದ, ಅಜ್ಜ?"

"ಹೊಳೆಯ ಜೊತೆಗೇ ಕೆಳಕ್ಕೆ. ಅವನು ಕರ್ಪರ ಇರಬೇಕು ಕೂಸೇ. ನೀರಿಲ್ಲದ ಕೆರೆಯ ನಡುವೆ ಕೋಟೆ ಕಟ್ಟಿಕೊಂಡವನು. ನಮ್ಮಜ್ಜ ಹೇಳುತ್ತಿದ್ದ. ಅಲ್ಲಿಗೆ ಹೋದವರು ಯಾರೂ ಬಂದಿಲ್ಲ."

"ಬರದಿದ್ದರೆ ಅವರು ಹೋದದ್ದು ನಿಮ್ಮಜ್ಜನಿಗೆ ಹೇಗೆ ತಿಳಿಯಿತು?"

ಗೂಳಜ್ಜ ಸ್ವಲ್ಪ ಯೋಚಿಸಿದ. "ಅದನ್ನು ನಾನು ಕೇಳಲಿಲ್ಲ ನೋಡು" ಎಂದ.

ದೇಕವ್ವೆ ಮೂರು ದಿನ ನಡೆದಳು. ನಾಲ್ಕನೆಯ ದಿನ ಹೊಳೆ ಹರಡಿಕೊಂಡು ಜೌಗಾಯಿತು. ದಡ ಕಾಣದಷ್ಟು ಜೌಗು. ಅದರ ನಡುವೆ ಒಂದು ಬೆಳ್ಳಕ್ಕಿ ನಿಂತಿತ್ತು. ಅದರ ಕಾಲುಗಳು ತೆಂಗಿನ ಮರದಷ್ಟು ಉದ್ದ. ಅದು ಕೊರಳು ಬಗ್ಗಿಸಿ ಅವಳ ಮುಖದ ಹತ್ತಿರ ಕೊಕ್ಕು ತಂದಿತು.

"ದಾಟಬೇಕಾ?"

"ಹೌದು."

"ದಾಟಿಸುತ್ತೇನೆ. ಒಂದೇ ಪ್ರಶ್ನೆ. ಈ ಜೌಗು ಎಷ್ಟು ಆಳ?"

ದೇಕವ್ವೆ ನೀರನ್ನು ನೋಡಿದಳು. ಜೊಂಡಿನ ಮೇಲೆ ಅಲ್ಲಲ್ಲಿ ರುಮಾಲುಗಳು, ಶಲ್ಯಗಳು ಸಿಕ್ಕಿಕೊಂಡಿದ್ದವು. ಎಷ್ಟೋ ಜನ ಉತ್ತರ ಹೇಳಿ, ಕಾಲಿಟ್ಟು, ಮುಳುಗಿದ್ದರು. ಊಹೆ ಮಾಡಿದ್ದಕ್ಕಿಂತ ಒಂದಾಳು ಹೆಚ್ಚಾಗುವುದು ಆ ಜೌಗಿನ ಗುಣ.

"ಗೊತ್ತಿಲ್ಲ" ಎಂದಳು.

ಬೆಳ್ಳಕ್ಕಿ ಕಣ್ಣು ಮುಚ್ಚಿ ತೆರೆಯಿತು. "ಏನಂದೆ?"

"ಗೊತ್ತಿಲ್ಲ ಅಂದೆ. ಅಳೆದ ಮೇಲೆ ಹೇಳುತ್ತೇನೆ."

"ನೂರು ವರ್ಷದಿಂದ ಕೇಳುತ್ತಿದ್ದೇನೆ" ಎಂದಿತು ಬೆಳ್ಳಕ್ಕಿ. "ಮಂತ್ರಿಗಳು ಬಂದರು. ಜೋಯಿಸರು ಬಂದರು. ಗೊತ್ತಿಲ್ಲ ಅಂದವರು ಒಬ್ಬರೂ ಇರಲಿಲ್ಲ. ಸರಿ, ಯಾವುದರಿಂದ ಅಳೆಯುತ್ತೀ? ಇಲ್ಲಿ ಕೋಲಿಲ್ಲ."

"ನಿನ್ನ ಕಾಲಿದೆಯಲ್ಲ. ಒಂದನ್ನು ಎತ್ತು."

ಬೆಳ್ಳಕ್ಕಿ ಒಂದು ಕಾಲು ಎತ್ತಿ ಅವಳ ಮುಂದೆ ಚಾಚಿತು. ಕೆಳಗಿನ ಭಾಗ ಒದ್ದೆ, ಮೇಲಿನದು ಒಣ. ದೇಕವ್ವೆ ಒದ್ದೆಯ ಅಂಚಿನವರೆಗೆ ಮೊಳ ಹಾಕಿ ಅಳೆದಳು. ಮತ್ತೊಮ್ಮೆ ಅಳೆದಳು. ಎರಡು ಸಲವೂ ಒಂದೇ ಬಂತು.

"ಐದು ಮೊಳ, ನಾಲ್ಕು ಬೆರಳು. ನೀನು ನಿಂತ ಜಾಗದಲ್ಲಿ. ಬೇರೆ ಕಡೆ ಗೊತ್ತಿಲ್ಲ."

ಜೌಗು ಅಲ್ಲಾಡಲಿಲ್ಲ. ಊಹೆಗೆ ಹಿಗ್ಗುವ ನೀರು ಅಳತೆಗೆ ಸುಮ್ಮನಿತ್ತು. ಬೆಳ್ಳಕ್ಕಿ ರೆಕ್ಕೆ ತಗ್ಗಿಸಿತು. ಅವಳು ಹತ್ತಿ ಕೂತಳು. ಕೆಳಗೆ ಜೊಂಡು, ನೀರು, ಮೋಡದ ನೆರಳು ಸರಿದು ಹೋದವು.

"ತಿರುಗಿ ಬರುವುದಾದರೆ ಕೂಗು" ಎಂದಿತು ಬೆಳ್ಳಕ್ಕಿ. "ಬರುತ್ತೀ ಎಂದು ಹೇಳುವುದಿಲ್ಲ. ನನಗೂ ಗೊತ್ತಿಲ್ಲ."

ಜೌಗಿನ ಆಚೆ ಎರಡು ಗುಡ್ಡಗಳ ನಡುವೆ ದಾರಿ. ದಾರಿಗೆ ಅಡ್ಡವಾಗಿ ಮೂರನೆಯ ಗುಡ್ಡ. ಹತ್ತಿರ ಹೋದಾಗ ಅದು ತಲೆ ಹೊರಗೆ ಚಾಚಿತು. ಅದು ಒಂದು ಆಮೆ. ಬೆನ್ನಿನ ಮೇಲೆ ಹುಲ್ಲು ಬೆಳೆದಿತ್ತು. ಹುಲ್ಲಿನ ನಡುವೆ ಒಂದು ಸಣ್ಣ ಕೊಳ. ಕೊಳದಲ್ಲಿ ಒಂದು ತಾಮ್ರದ ಬಟ್ಟಲು ತೇಲುತ್ತಿತ್ತು.

"ಮೇಲೆ ಬಾ" ಎಂದಿತು ಆಮೆ. "ಬಟ್ಟಲು ಮುಳುಗುವುದನ್ನು ನೋಡು. ಮುಳುಗಿದಾಗ ಹೇಳು. ಅಷ್ಟೇ."

ಕೊಳದ ಸುತ್ತ ಕಲ್ಲುಗಳಿದ್ದವು. ಕೂತ ಮನುಷ್ಯರಷ್ಟು ಎತ್ತರದ ಕಲ್ಲುಗಳು. ದೇಕವ್ವೆ ಅವುಗಳ ನಡುವೆ ಕೂತಳು. ಇದು ನಮ್ಮ ಮನೆಯ ಕೆಲಸವೇ ಎಂದುಕೊಂಡಳು.

ಬಟ್ಟಲು ಕಾಲು ಭಾಗ ಮುಳುಗಿತು. ಹಿಂದಿನಿಂದ ಅಪ್ಪನ ದನಿ ಕೇಳಿತು: "ದೇಕಿ, ಬಿಡುಗಡೆಯಾಯಿತು, ಮನೆಗೆ ಬಾ." ಅವಳು ತಿರುಗಲಿಲ್ಲ.

ಅರ್ಧ ಮುಳುಗಿತು. ಅವ್ವನ ದನಿ ಕೇಳಿತು. ಆ ದನಿಯನ್ನು ಅವಳು ಮರೆತಿದ್ದಳು. ಈಗ ಗುರುತು ಸಿಕ್ಕಿತು. ಕಣ್ಣು ತುಂಬಿತು. ಆದರೂ ತಿರುಗಲಿಲ್ಲ.

ಮುಕ್ಕಾಲು ಮುಳುಗಿತು. ಗುಡ್ಡದ ಕೆಳಗೆ ಒಂದು ಮಗು ನೀರಿಗೆ ಬಿದ್ದ ಸದ್ದಾಯಿತು. ಮಗು ಯಾರ ಹೆಸರನ್ನೂ ಕರೆಯಲಿಲ್ಲ. ನೀರು ಕುಡಿಯುತ್ತ ಅತ್ತಿತು, ಅಷ್ಟೇ.

ಇದೂ ಮಾಯೆ ಎಂದುಕೊಂಡಳು ದೇಕವ್ವೆ. ಮಾಯೆ ಅಲ್ಲದಿದ್ದರೆ ಎಂದೂ ಅನ್ನಿಸಿತು. ಎದ್ದು ಓಡಿದಳು.

ಕೆಳಗೆ ಏನೂ ಇರಲಿಲ್ಲ. ಒಂದು ಬಂಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ತಿರುಗಿ ಬಂದಾಗ ಬಟ್ಟಲು ಕೊಳದ ತಳದಲ್ಲಿತ್ತು.

"ಮುಳುಗಿತಾ?" ಎಂದಿತು ಆಮೆ.

"ಮುಳುಗಿದೆ."

"ಮುಳುಗುವುದನ್ನು ನೋಡಿದೆಯಾ?"

ಹೌದು ಎಂದರೆ ದಾರಿ ಬಿಡಬಹುದು. ಅಲ್ಲಿ ಬೇರೆ ಯಾರೂ ಇರಲಿಲ್ಲ.

"ಇಲ್ಲ" ಎಂದಳು. "ಮುಕ್ಕಾಲು ಮುಳುಗಿದ್ದನ್ನು ನೋಡಿದೆ. ಆಮೇಲೆ ಎದ್ದುಹೋದೆ. ಮಗು ಅಳುವುದು ಕೇಳಿತು."

ಆಮೆ ಹೇಳಿತು: "ಎದ್ದುಹೋದವಳು ನೀನೊಬ್ಬಳೇ ಅಲ್ಲ. ಇಲ್ಲಿ ಕೂತವರೆಲ್ಲ ಎದ್ದುಹೋದರು. ಮನುಷ್ಯರಿಗೆ ಕಿವಿ ಇದೆಯಲ್ಲ. ತಿರುಗಿ ಬಂದು, ಪೂರ್ತಿ ನೋಡಿದೆವು ಅಂದರು. ಅವರೇ ಈ ಕಲ್ಲುಗಳು."

ಅದು ನಾಲ್ಕು ಕಾಲ ಮೇಲೆ ಎದ್ದು ನಿಂತಿತು. ಅದರ ಹೊಟ್ಟೆಯ ಕೆಳಗೆ ದಾರಿ ತೆರೆಯಿತು.

"ನನ್ನ ಕೊಳದ ನೀರು ತುಂಬಿಕೊಂಡು ಹೋಗು. ಎಷ್ಟು ಸುರಿದರೂ ಬೇಕಾದಷ್ಟು ಬರುತ್ತದೆ. ಇನ್ನೊಂದು ಮಾತು. ನನ್ನ ಒಂದು ಗಳಿಗೆ ನಿಮಗೆ ಎರಡು ದಿನ. ಬೇಗ ನಡೆ."

ದೇಕವ್ವೆ ಬೆರಳು ಮಡಿಸಿ ಎಣಿಸಿದಳು. ಆರು ದಿನ ಹೋಗಿತ್ತು. ಮೂರು ಉಳಿದಿತ್ತು.

ಏಳನೆಯ ದಿನ ನೀರಿಲ್ಲದ ಕೆರೆ ಸಿಕ್ಕಿತು. ಒಡೆದ ಮಣ್ಣಿನ ನಡುವೆ ಬೂದಿ ಬಣ್ಣದ ಕೋಟೆ. ಬಾಗಿಲು ತೆರೆದೇ ಇತ್ತು. ಒಳಗೆ ಒಂದು ದೊಡ್ಡ ಹಜಾರ. ಅದರ ಗೋಡೆಗಳ ಮೇಲೆ ಸಾವಿರಾರು ಗೆರೆಗಳು ತೂಗುತ್ತಿದ್ದವು. ಕೆಲವು ಬೆಳ್ಳಿಯಂತೆ ಹೊಳೆಯುತ್ತಿದ್ದವು, ಕೆಲವು ಉಸಿರಾಡುತ್ತಿದ್ದವು. ನಡುವೆ ಕರ್ಪರ ಕೂತು ಏನನ್ನೋ ಹೆಣೆಯುತ್ತಿದ್ದ.

"ಬಾ ಗೆರೆಯವಳೇ" ಎಂದ. "ಅಪ್ಪನಿಗೆ ಬೇಡಿ ಬಿತ್ತಂತೆ. ಅಳತೆ ಸರಿಯಾಗಿತ್ತೋ, ಕಾಲಿಗೆ ಬಿಗಿಯಾಯಿತೋ?"

"ನಮ್ಮ ಗೆರೆಗಳನ್ನು ಕೊಡು."

"ಇದು ಏನು ಗೊತ್ತೇ?" ಅವನು ಹೆಣೆಯುತ್ತಿದ್ದುದನ್ನು ಎತ್ತಿ ತೋರಿಸಿದ. "ಕಡಿವಾಣ. ಕುದುರೆಗೆ ಬೇಕು, ಹೊಳೆಗೆ ಬೇಡವೇ? ಗೆರೆ ಕಾಣದಿದ್ದರೆ ಹೊಳೆ ತನ್ನನ್ನೇ ಮರೆಯುತ್ತಾಳೆ. ಮರೆತವಳ ಬಾಯಿಗೆ ಇದನ್ನು ಹಾಕಿ ಬೆನ್ನೇರುತ್ತೇನೆ. ನಿಮ್ಮ ಊರಿನ ಮೇಲೆ ಮೊದಲು. ಆಮೇಲೆ ಎಂಟೂ ದಿಕ್ಕಿಗೆ. ಒಂದು ತೊಟ್ಟು ನೀರು ಕುಡಿಯಲು ಯಾರೇ ಆಗಲಿ ನನ್ನನ್ನು ಕೇಳಬೇಕು."

"ಗೆರೆಗಳನ್ನು ಕೊಡು" ಎಂದಳು ದೇಕವ್ವೆ ಮತ್ತೆ.

"ಹಟಮಾರಿ. ಆಗಲಿ, ಒಂದು ಪಂದ್ಯ. ನನ್ನ ಮಾತು ನನ್ನನ್ನೂ ಕಟ್ಟುತ್ತದೆ. ಈ ಗೋಡೆಯಲ್ಲಿ ನಿಮ್ಮ ಮೂವತ್ತೆರಡೂ ಇವೆ. ಉಳಿದವು ಸುಳ್ಳು ಹೇಳಿದ ಜನ. ನನ್ನ ಮುಂದೆ ಸುಳ್ಳಾಡಿದವರು ಗೆರೆಯಾಗುತ್ತಾರೆ. ನಿಮ್ಮವನ್ನು ಆರಿಸು. ಅವುಗಳಲ್ಲಿ ನಿಜದ್ದು ಎಷ್ಟು ಎಂದು ಬಾಯಿಬಿಟ್ಟು ಹೇಳು. ಸರಿಯಾದರೆ ಮೂವತ್ತೆರಡೂ ನಿನ್ನವು. ತಪ್ಪಾದರೆ ನೀನೂ ಗೋಡೆಗೆ."

ಹಜಾರದ ಮೂಲೆಯಲ್ಲಿ ಒಂದು ಕಲ್ಲುಬಾನಿ ಒಣಗಿ ಬಿದ್ದಿತ್ತು. ದೇಕವ್ವೆ ಅದಕ್ಕೆ ಬುರುಡೆಯ ನೀರು ಸುರಿದಳು. ಬಾನಿ ಅಂಚಿನವರೆಗೆ ತುಂಬಿತು. ಕರ್ಪರ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಅವನ ಮೈಗೆ ನೀರು ತಾಗಿ ನೂರು ವರ್ಷವಾಗಿತ್ತು.

ಅವಳು ಗೋಡೆಯಿಂದ ಒಂದೊಂದೇ ಗೆರೆ ತೆಗೆದು ನೀರಿನ ಮೇಲೆ ಇಟ್ಟಳು. ಸುಳ್ಳಿನ ಗೆರೆ ಸುಟ್ಟ ಕೂದಲಿನಂತೆ ಮುದುಡಿತು. ಹೊಳೆಯ ಗೆರೆ ನೀರನ್ನು ಗುರುತಿಸಿ, ಈ ಕೊನೆಯಿಂದ ಆ ಕೊನೆಗೆ ಸಮವಾಗಿ ಮಲಗಿತು. ಅದು ಮಲಗಿದಾಗ ಬಾನಿಯೊಳಗಿಂದ ನೆರೆಯ ಸದ್ದು ಬಂತು. ಒಂದು ಗೆರೆಯಲ್ಲಿ ಮರ ಮುರಿಯಿತು. ಒಂದರಲ್ಲಿ ಗೋವುಗಳು ಕೂಗಿದವು. ಆರಾಳೆತ್ತರದ ಗೆರೆ ಮಲಗಿದಾಗ ಇಡೀ ಹಜಾರ ನೀರಿನಡಿ ಇದ್ದಂತೆ ಹಸಿರಾಯಿತು, ಮೇಲೆ ಎಲ್ಲೋ ದೂರದಲ್ಲಿ ದೋಣಿಯೊಂದರ ತಳ ಹಾದುಹೋಯಿತು. ದೇಕವ್ವೆ ಉಸಿರು ಬಿಡುವುದನ್ನು ಮರೆತು ನೋಡಿದಳು. ತನ್ನ ಅಜ್ಜನ ಅಜ್ಜ ಅದರ ಅಂಚಿನಲ್ಲಿ ಕೂತು ಬಟ್ಟಲು ನೋಡಿದ್ದ. ಒಂದು ಗಳಿಗೆ, ಆ ನೀರಿನ ಎದುರು.

ಮೂವತ್ತೊಂದು ಸಿಕ್ಕವು. ಮೂವತ್ತೆರಡನೆಯದನ್ನು ಅವಳು ಇಟ್ಟಾಗ ಅದು ಮುದುಡಲಿಲ್ಲ. ತೇಲಲೂ ಇಲ್ಲ. ಮೆಲ್ಲಗೆ ಕೆಳಕ್ಕಿಳಿಯಿತು. ಒಂದು ಗೇಣು ನಾಲ್ಕು ಬೆರಳು ಇಳಿದು, ಅಲ್ಲಿ ನಿಂತು ನಡುಗಿತು. ಅದರ ಎಡತುದಿಯಲ್ಲಿ ಸಣ್ಣ ಚಕ್ಕೆ ಹಾರಿದ ಗುರುತು. ಅದು ಅಪ್ಪನ ಉಳಿಯ ಗುರುತು. ಅವ್ವ ಹೋದ ವರ್ಷದ ಗೆರೆ.

ಕರ್ಪರ ನಕ್ಕ. "ನಿಜದ ಗೆರೆಗಳು ಕಲ್ಲನ್ನು ಕಚ್ಚಿಕೊಂಡಿದ್ದವು. ನನ್ನ ಉಗುರು ಜಾರಿತು. ಇದೊಂದು ಸಡಿಲ ಇತ್ತು. ಇದನ್ನು ಹಿಡಿದು ಎಳೆದೆ, ಉಳಿದವು ಹಿಂದೆ ಬಂದವು. ಹೇಳು ಮಗಳೇ, ನಿಜದ್ದು ಎಷ್ಟು?"

ಅಪ್ಪ ಅರಸನ ಮುಂದೆ ಮುಖ ಕೆಳಗೆ ಹಾಕಿದ್ದು ಏಕೆಂದು ದೇಕವ್ವೆಗೆ ಈಗ ತಿಳಿಯಿತು.

"ಮೂವತ್ತೊಂದು" ಎಂದಳು. "ಒಂದು ಸುಳ್ಳು. ಅದನ್ನು ನನ್ನ ಅಪ್ಪ ಕೊರೆದ."

ಕರ್ಪರನ ನಗು ನಿಂತಿತು. ಅವನು ದನಿ ತಗ್ಗಿಸಿದ. "ಸರಿಯಾಗಿ ಹೇಳಿದೆ. ಆದರೂ ಯೋಚಿಸು. ಮೂವತ್ತೊಂದನ್ನು ಒಯ್ಯು, ಇದನ್ನು ಇಲ್ಲೇ ಬಿಡು. ಕಳೆದುಹೋಯಿತು ಅಂತ ಹೇಳು. ನಿನ್ನಪ್ಪನ ಹೆಬ್ಬೆರಳು ಉಳಿಯುತ್ತದೆ."

ದೇಕವ್ವೆ ಅಪ್ಪನ ಕೈಯನ್ನು ನೆನೆದಳು. ಅವ್ವ ಹೋದ ಮೇಲೆ ಆ ಕೈಯೇ ಅವಳ ಜಡೆ ಹೆಣೆದಿತ್ತು. ಮೊದಮೊದಲು ಕಲ್ಲು ಕಟ್ಟಿದಷ್ಟು ಬಿಗಿಯಾಗಿ.

ಅವಳು ಬಾನಿಗೆ ಕೈಹಾಕಿ ಮೂವತ್ತೆರಡನೆಯ ಗೆರೆಯನ್ನು ತೆಗೆದಳು. "ತಪ್ಪಾದರೂ ನಮ್ಮದೇ" ಎಂದಳು. ಎಲ್ಲವನ್ನೂ ಮೊಣಕೈಗೆ ಸುತ್ತಿಕೊಂಡು ಹೊರಟಳು.

ಕರ್ಪರ ಅವಳನ್ನು ತಡೆಯಲಾರ. ಅವನ ಮಾತು ಅವನನ್ನು ಕಟ್ಟಿತ್ತು. ಆದರೆ ಅವನು ಗೋಡೆಯ ಸುಳ್ಳುಗಳನ್ನೆಲ್ಲ ಬಾಚಿ ತೆಗೆದು, ಅರ್ಧ ಹೆಣೆದಿದ್ದ ಕಡಿವಾಣವನ್ನು ಅವುಗಳಿಂದಲೇ ಮುಗಿಸತೊಡಗಿದ. ತನ್ನನ್ನು ಮರೆತ ಹೊಳೆಗೆ ಸುಳ್ಳಿನ ಕಡಿವಾಣವೂ ನಡೆಯುತ್ತದೆ.

ಆಮೆ ಅವಳಿಗೆ ದಾರಿ ಬಿಟ್ಟಿತು. ಬೆಳ್ಳಕ್ಕಿ ಕೂಗಿಗೆ ಬಂದಿತು. "ಈಗ ಗೊತ್ತಾಯಿತು" ಎಂದು ಅವಳನ್ನು ಹೊತ್ತುಕೊಂಡು ಎರಡು ದಿನ ಹಾರಿತು.

ಒಂಬತ್ತನೆಯ ದಿನ ಬೆಳಗ್ಗೆ ಆಶ್ಲೇಷ ಮಳೆ ಹುಟ್ಟಿತು. ದೇಕವ್ವೆ ಬಂಡೆಯ ತುದಿಯಲ್ಲಿ ಇಳಿದಾಗ ಹೊಳೆ ಆಗಲೇ ಬಂಡೆಯ ಬುಡ ಬಿಟ್ಟು ಏರುತ್ತಿದ್ದಳು. ಕೆಂಪು ನೀರು, ಬೇರು ಸಹಿತ ಮರಗಳು. ಕೆಳಗಿನ ಕೇರಿಯ ಜನ ಮಕ್ಕಳನ್ನು ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಕೆಳಕೋಟೆಗೆ ನೀರು ನುಗ್ಗಿದ್ದರಿಂದ ಸೆರೆಯವರನ್ನು ಬೇಡಿಯ ಸಮೇತ ಬಂಡೆಯ ಮೇಲೆ ತಂದು ನಿಲ್ಲಿಸಿದ್ದರು. ಅರಸನೂ ಅಲ್ಲಿದ್ದ. ಗೂಳಜ್ಜ ಹಗ್ಗ ಎಸೆಯುತ್ತಿದ್ದ.

ನೆರೆಯ ತಲೆಯ ಮೇಲೆ ಕರ್ಪರ ಕೂತಿದ್ದ. ಹೊಳೆಯ ಬಾಯಿಗೆ ಕಡಿವಾಣ. ಅವನು ಅದನ್ನು ಜಗ್ಗಿದಾಗಲೆಲ್ಲ ಹೊಳೆ ಒಂದು ಮೊಳ ಏರುತ್ತಿದ್ದಳು.

ದೇಕವ್ವೆ ಗೆರೆಗಳ ಸುರುಳಿಯನ್ನು ಬಂಡೆಗೆ ಒತ್ತಿದಳು. ಸಂಜೆ ಹಕ್ಕಿಗಳು ತಮ್ಮ ತಮ್ಮ ಕೊಂಬೆಗೆ ಹೋಗುವಂತೆ ಗೆರೆಗಳು ತಮ್ಮ ತಮ್ಮ ಜಾಗಕ್ಕೆ ಹೋದವು. ಕೆಲವು ನೀರೊಳಕ್ಕೆ ಇಳಿದವು. ಕೆಲವು ತಲೆಯ ಮೇಲಕ್ಕೆ ಏರಿದವು. ಪ್ರತಿಯೊಂದೂ ಕಲ್ಲನ್ನು ಕಚ್ಚಿದಾಗ ಗಂಟೆಯಂತೆ ಸದ್ದಾಯಿತು. ಮೂವತ್ತೊಂದು ಸದ್ದು. ಮೂವತ್ತೆರಡನೆಯ ಗೆರೆ ಬಂಡೆಗೆ ತಾಗಿ, ಜಾರಿ, ಅವಳ ಕಾಲ ಬಳಿ ಬಿತ್ತು.

ಹೊಳೆ ಓದತೊಡಗಿದಳು. ಅವಳ ದನಿಯನ್ನು ಅಂದು ಎಲ್ಲರೂ ಕೇಳಿದರು. ಅದು ನೆಲದೊಳಗಿಂದ ಬಂದು ಅಂಗಾಲಿಗೆ ತಾಗಿತು. "ಇದು ಬರ ಮುಗಿದ ವರ್ಷ" ಎಂದಳು. "ಇದು ಎರಡು ಸಲ ಬಂದ ವರ್ಷ. ಇದು ಸೇತುವೆ ಒಯ್ದ ವರ್ಷ." ಹೀಗೆ ಹತ್ತೊಂಬತ್ತು ಗೆರೆ ಓದಿದಳು. ಇಪ್ಪತ್ತನೆಯದು ಇರಬೇಕಾದಲ್ಲಿ ಕಲ್ಲು ಬರಿದಾಗಿತ್ತು.

"ಇಲ್ಲಿ?" ಎಂದಳು ಹೊಳೆ. ತಡವರಿಸಿದಳು. ಮತ್ತೆ ಮೊದಲಿನಿಂದ ಓದಿದಳು. ಮತ್ತೆ ಅಲ್ಲೇ ತಪ್ಪಿತು. "ನಾನು ಯಾರು?" ಎಂದಳು.

"ನನ್ನ ಕುದುರೆ" ಎಂದು ಕರ್ಪರ ಕಡಿವಾಣ ಜಗ್ಗಿದ. ನೀರು ಮೇಲಿನ ಕೇರಿಯ ಮೊದಲ ಮೆಟ್ಟಿಲಿಗೆ ಬಂತು.

ದೇಕವ್ವೆ ಬಿದ್ದ ಗೆರೆಯನ್ನು ಎತ್ತಿಕೊಂಡು ಅಪ್ಪನ ಮುಂದೆ ಹೋಗಿ ನಿಂತಳು. ಅರಸನನ್ನು ನೋಡಲಿಲ್ಲ. ಯಾರ ತಪ್ಪು ಎಂದು ಹೇಳಲಿಲ್ಲ.

"ಅಪ್ಪಾ, ಅವತ್ತು ನೀರು ಎಲ್ಲಿತ್ತು?"

ಮಾಳೋಜ ಗೆರೆಯನ್ನು ನೋಡಿದ. ಮಗಳ ಮುಖ ನೋಡಿದ. ಆಮೇಲೆ ಅರಸನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

"ಬಟ್ಟಲು ಅರ್ಧ ಮುಳುಗಿತ್ತು. ನಿನ್ನ ಅವ್ವ ಕೆಳಕೇರಿಯಿಂದ ಕೂಗಿದಳು. ನಾನು ಎದ್ದು ಓಡಿದೆ. ಅವಳು ಸಿಗಲಿಲ್ಲ. ತಿರುಗಿ ಬರುವಷ್ಟರಲ್ಲಿ ನೀರು ಇಳಿದಿತ್ತು. ಇಳಿದಲ್ಲೇ ಕೊರೆದೆ. ಯಾರಿಗೂ ಹೇಳಲಿಲ್ಲ. ಅದು ಸುಳ್ಳು ಗೆರೆ, ಒಡೆಯ."

"ನೀರು ಎಲ್ಲಿತ್ತು, ಅಪ್ಪಾ?"

ಅವನು ಬೇಡಿ ಎಳೆದುಕೊಂಡು ಬಂಡೆಯ ಅಂಚಿಗೆ ಬಂದ. ಕೆಂಪು ನೀರಿನೊಳಗೆ ತೋಳು ಹಾಕಿ ತಡವಿದ. ಅಲ್ಲಿ ಬಂಡೆಯೊಳಗೆ ಬಿಳಿಕಲ್ಲಿನ ಒಂದು ಎಳೆ ಹಾದಿತ್ತು. ಅದರ ಮೇಲೆ ಬೆರಳಿಟ್ಟ. "ಅರ್ಧ ಬಟ್ಟಲಿನವರೆಗೆ ಇಲ್ಲಿತ್ತು. ಅಷ್ಟು ನಾನು ಕಂಡೆ. ಆಮೇಲೆ ಏರಿತೋ ಇಲ್ಲವೋ ಕಾಣೆ. ಅದು ನನಗೆ ಗೊತ್ತಿಲ್ಲ."

ದೇಕವ್ವೆಯ ಕೈಯಲ್ಲಿದ್ದ ಗೆರೆ ನಡುಗಿತು. ಅದು ತುಂಡುತುಂಡಾಯಿತು, ಚುಕ್ಕೆಗಳಾಯಿತು. ಚುಕ್ಕೆಗಳು ಒಂದರ ಹಿಂದೆ ಒಂದು ನೀರಿಗೆ ಇಳಿದು, ಮಾಳೋಜನ ಬೆರಳಿದ್ದಲ್ಲಿ ಬಿಳಿ ಎಳೆಯ ಉದ್ದಕ್ಕೂ ಕೂತವು. ಮಳೆ ಹನಿ ಶುರುವಾದಂತೆ ಸದ್ದು.

ಹೊಳೆ ಆ ಚುಕ್ಕೆಗಳನ್ನು ಓದಿದಳು. ಓದಲು ಬಹಳ ಹೊತ್ತು ತೆಗೆದುಕೊಂಡಳು. ಇಡೀ ಊರು ನಿಂತು ಕಾಯಿತು.

"ಇಲ್ಲಿ ಒಬ್ಬ ನನ್ನನ್ನು ನೋಡುತ್ತಿದ್ದ" ಎಂದಳು. "ನಡುವೆ ಎದ್ದುಹೋದ. ಹೌದು. ಆ ದಿನ ನಾನು ಒಬ್ಬಳನ್ನು ಒಯ್ದೆ. ಅವಳು ಒಂದು ಹೆಸರು ಹಿಡಿದು ಕೂಗುತ್ತಿದ್ದಳು. ಮಾಳೋಜ ಎಂದು."

ಮಾಳೋಜ ನೀರಿನಲ್ಲಿ ಕೈಯಿಟ್ಟವನು ಹಾಗೇ ಕೂತ.

ಹೊಳೆ ಮುಂದಿನ ಹನ್ನೆರಡು ಗೆರೆಗಳನ್ನು ಒಂದೇ ಉಸಿರಿಗೆ ಓದಿದಳು. ಆರಾಳೆತ್ತರದ್ದನ್ನು ಓದುವಾಗ ಅವಳ ದನಿಗೆ ಬೆಟ್ಟಗಳು ಮಾರುತ್ತರ ಕೊಟ್ಟವು. "ನಾನು ಮಣಿಹೊಳೆ" ಎಂದಳು. "ನನ್ನ ಬೆನ್ನ ಮೇಲೆ ಯಾರೂ ಕೂತದ್ದು ನೆನಪಿಲ್ಲ."

ಮೈ ಒದರಿದಳು. ಸುಳ್ಳಿನ ಕಡಿವಾಣ ಮುದುಡಿ ಹರಿಯಿತು. ಕರ್ಪರ ನೀರಿಗೆ ಬಿದ್ದ. ನೂರು ವರ್ಷ ಒಣಗಿದ ಮಣ್ಣಿನ ಹೆಂಟೆ ಹೇಗೆ ಕರಗುತ್ತದೋ ಹಾಗೆ ಕರಗಿದ. ಒಂದು ಹಿಡಿ ಕೆಸರು ಸುಳಿಯಲ್ಲಿ ಎರಡು ಸುತ್ತು ತಿರುಗಿ ಕಾಣದಾಯಿತು.

ಹೊಳೆ ನಿಂತಳು.

ಅಷ್ಟು ನೀರು ಒಮ್ಮೆಗೇ ನಿಂತದ್ದನ್ನು ಕಂಡವರು ಅದನ್ನು ಸಾಯುವವರೆಗೆ ಹೇಳುತ್ತಿದ್ದರು. ಮರಗಳು ನೀರ ಮೇಲೆ ಅಲ್ಲಾಡದೆ ನಿಂತವು. ಹಕ್ಕಿಗಳ ಸದ್ದಿಲ್ಲ. ಕೂಸುಗಳೂ ಅಳು ನಿಲ್ಲಿಸಿದವು.

ಕಾವಲಿನವನೊಬ್ಬ ಮೆಲ್ಲಗೆ ನೆನಪಿಸಿದ: "ಒಡೆಯ, ಸುಳ್ಳು ಗೆರೆಗೆ ಹೆಬ್ಬೆರಳಿನ ಕಟ್ಟಳೆ ಇದೆ."

ಗೂಳಜ್ಜ ಹಗ್ಗ ಬಿಡದೆ ಹೇಳಿದ: "ತೆಗೆಯೋದಾದರೆ ಆಮೇಲೆ ತೆಗೀರಿ, ಬುದ್ಧಿ. ಈಗ ಈ ಹಗ್ಗ ಎಳೆಯೋಕೆ ಊರಲ್ಲಿರೋ ಬೆರಳೆಲ್ಲ ಬೇಕು. ನಿಮ್ಮವೂ ಸೇರಿ."

ಅರಸ ಕಿರೀಟ ಬಿಚ್ಚಿ ಪಕ್ಕಕ್ಕಿಟ್ಟು ಹಗ್ಗ ಹಿಡಿದ. ಹಿಡಿದವನು ತಲೆಯೆತ್ತದೆ ಹೇಳಿದ: "ಆ ಕಟ್ಟಳೆ ಇದ್ದದ್ದರಿಂದಲೇ ಇವನು ಹನ್ನೆರಡು ವರ್ಷ ಬಾಯಿ ಬಿಡಲಿಲ್ಲ. ಇವತ್ತಿನಿಂದ ಅದು ಇಲ್ಲ. ಕಾಣದ್ದನ್ನು ಕಾಣೆ ಎಂದವನಿಗೆ ಶಿಕ್ಷೆ ಇಲ್ಲ. ಅವನ ಬೇಡಿ ಬಿಚ್ಚಿ. ಹಾಕಿಸಿದವನು ನಾನು, ಅದು ನನ್ನ ತಪ್ಪು."

ಬೇಡಿ ಬಿಚ್ಚಿದರು. ಮಾಳೋಜ ಕೊಡದಲ್ಲಿ ಬಟ್ಟಲು ತೇಲಿಬಿಟ್ಟು, ಉಳಿಯನ್ನು ಮಗಳ ಕಡೆ ಚಾಚಿದ.

"ನೀನು ನೋಡು" ಎಂದ. "ಯಾರಾದರೂ ಕೂಗಿದರೆ ನಾನು ಹೋಗುತ್ತೇನೆ. ಇಬ್ಬರಿದ್ದೇವೆ."

ದೇಕವ್ವೆ ಕೂತಳು. ಹೊಳೆಯ ಅಂಚು ಬಂಡೆಯ ಮೇಲೆ ಒಂದು ಕೂದಲೂ ಕದಲಲಿಲ್ಲ. ಎರಡು ಸಲ ಕೆಳಗಿನಿಂದ ಕೂಗು ಬಂತು. ಎರಡು ಸಲವೂ ಮಾಳೋಜ ಹೋಗಿ ಒಬ್ಬೊಬ್ಬರನ್ನು ಎತ್ತಿಕೊಂಡು ಬಂದ. ಬಟ್ಟಲು ಮುಳುಗಿತು. ಅದು ಮುಳುಗುವುದನ್ನು ಅವಳು ನೋಡಿದಳು. ಉಳಿಯ ತುದಿಯನ್ನು ನೀರಿಗೆ ತಾಗಿಸಿ ಮೂವತ್ತಮೂರನೆಯ ಗೆರೆ ಕೊರೆದಳು.

ಕೊನೆಯ ಏಟಿಗೆ ಹೊಳೆ ಹಿಂದಕ್ಕೆ ಸರಿಯತೊಡಗಿದಳು.

ನೀರು ಇಳಿದ ಎಂಟನೆಯ ದಿನ ಮರಳಿನ ಮೇಲೆ ಜನ ನಡೆದು ಬಂದರು. ಕಡಿವಾಣ ಹರಿದಾಗ ಗೆರೆಯಾಗಿದ್ದವರು ಮತ್ತೆ ಮನುಷ್ಯರಾಗಿದ್ದರು. ಆಮೆಯ ಬೆನ್ನಿನ ಕಲ್ಲುಗಳೂ ಎದ್ದು ಬಂದವು, ಮೈಮೇಲೆ ಪಾಚಿ ಇಟ್ಟುಕೊಂಡು. ಜೌಗಿನಲ್ಲಿ ಮುಳುಗಿದವರನ್ನು ಬೆಳ್ಳಕ್ಕಿ ಒಬ್ಬೊಬ್ಬರನ್ನಾಗಿ ಕೊಕ್ಕಿನಲ್ಲಿ ಎತ್ತಿ ತಂದಿತು. ಅವರಲ್ಲಿ ಒಬ್ಬ ಜೋಯಿಸ ದಡಕ್ಕೆ ಬಂದೊಡನೆ ಆಳ ಎಷ್ಟಿತ್ತು ಎಂದು ವಿವರಿಸತೊಡಗಿದ. ಅವನನ್ನು ಮಾತ್ರ ಅದು ಇನ್ನೊಮ್ಮೆ ಅದ್ದಿ ತೆಗೆಯಿತು.

ಅರಸ ಕೆಳಕೇರಿಯನ್ನು ಎತ್ತಿ ಮೇಲೆ ಕಟ್ಟಿಸಿದ. ಎಷ್ಟು ಮೇಲೆ ಎಂದು ದೇಕವ್ವೆಯನ್ನು ಕೇಳಿದ. "ಕಂಡ ಗೆರೆಗಿಂತ ಒಂದು ಮೊಳ ಮೇಲೆ ಸಾಕು" ಎಂದಳು ಅವಳು. "ಚುಕ್ಕೆಯ ಗೆರೆಯಾದರೆ ಒಂದಾಳು ಮೇಲೆ. ಕಾಣದಿದ್ದುದಕ್ಕೆ ಜಾಗ ಬಿಡಬೇಕು." ಹಾಗೇ ಕಟ್ಟಿದರು. ಮುಂದೆ ನೆರೆಗಳು ಬಂದವು. ದೊಡ್ಡವೂ ಬಂದವು. ಹೊಳೆ ಓದುತ್ತ ಏರಿದಳು, ನೆನಪಿಸಿಕೊಂಡು ತಿರುಗಿದಳು. ಯಾರ ಮನೆಯ ಹೊಸ್ತಿಲೂ ನೆನೆಯಲಿಲ್ಲ. ಬಂಡೆಯ ಬಳಿ ಯಾವಾಗಲೂ ಇಬ್ಬರು ಗೆರೆಕಾರರು ಇರುತ್ತಿದ್ದರು, ಒಬ್ಬರು ನೋಡಲು, ಒಬ್ಬರು ಓಡಲು. ಮಣಿನಾಡಿನ ಜನ ನೆಲ ಹಸಿಯಾಗಿ, ಕಣಜ ತುಂಬಿ, ಹೆದರಿಕೆಯಿಲ್ಲದೆ ಬಹುಕಾಲ ಸುಖವಾಗಿ ಬಾಳಿದರು.